ಬಂದೂಕಿನ ಲೈಸನ್ಸ್ ಕೇಳುವವರಿಗೂ ಬೇಡ ಅನ್ನುವವರಿಗೂ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಓದುಗರ ಪುಟದಲ್ಲಿ ಬೀದರ್‌ನ ವ್ಯಾಪಾರಿಯೊಬ್ಬರ ಪತ್ರ ಬಂದಿತ್ತು. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟ ಪ್ರತಿಯೊಬ್ಬರಿಗೂ ಅರ್ಜಿ ಹಾಕಿದ ತಿಂಗಳೊಳಗೆ ರಿವಾಲ್ವರ್ ಲೈಸನ್ಸ್ ಕೊಡಬೇಕು ಅನ್ನೋದು ಅವರ ಬೇಡಿಕೆ. ಅದಕ್ಕೆ ಕಲಬುರಗಿಯ ಓದುಗರೊಬ್ಬರು ಖಾರವಾಗಿ ಉತ್ತರ ಬರೆದರು. ಜನರ ಕೈಯಲ್ಲಿ ಬಂದೂಕೇ ಬೇಡ, ಇರುವುದನ್ನೂ ಸರ್ಕಾರ ವಾಪಸ್ ತೆಗೆದುಕೊಳ್ಳಲಿ ಅಂತ. ಇಬ್ಬರ ಜೊತೆಗೂ ನನಗೆ ಸ್ವಲ್ಪ ಜಗಳವಿದೆ.

ನಾನು ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವನು. ಹೊಸ ಹುಡುಗರಿಗೆ ಹತಾರ ಕಲಿಸುವುದೇ ಕೆಲಸ. ಅಲ್ಲಿ ಅಂಥವನಿಗೆ ಉಸ್ತಾದ್ ಅನ್ನುತ್ತಾರೆ. ನಿವೃತ್ತಿಯಾಗಿ ಹುಮನಾಬಾದ್‌ಗೆ ಬಂದ ಮೇಲೂ ಆ ಹೆಸರು ಬಿಡಲಿಲ್ಲ. ಈಗ ಸೆಕ್ಯುರಿಟಿ ಗಾರ್ಡ್‌ಗಳಿಗೆ, ಲೈಸನ್ಸ್‌ಗೆ ಅರ್ಜಿ ಹಾಕಿದವರಿಗೆ ಬಂದೂಕು ಹಿಡಿಯುವುದು, ಅದಕ್ಕಿಂತ ಜಾಸ್ತಿ ಬಂದೂಕು ಕೆಳಗಿಡುವುದು ಕಲಿಸುತ್ತೇನೆ.

ವ್ಯಾಪಾರಿಯ ಭಯ ನನಗೆ ಅರ್ಥವಾಗುತ್ತದೆ. 2025ರ ಜನವರಿ 16ರಂದು ಬೀದರ್‌ನಲ್ಲಿ ಏನಾಯಿತು ಅಂತ ನಮ್ಮ ಕಡೆ ಯಾರೂ ಮರೆತಿಲ್ಲ. ಹಾಡಹಗಲು, ಊರ ನಡುವೆ, ಸ್ಟೇಟ್ ಬ್ಯಾಂಕ್ ಮುಂದೆ. ಬೈಕಿನಲ್ಲಿ ಬಂದ ಇಬ್ಬರು, ಎಟಿಎಂಗೆ ಹಣ ಒಯ್ಯಲು ಬಂದಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿದರು. ಒಬ್ಬರ ಜೀವ ಹೋಯಿತು. ಹಣದ ಪೆಟ್ಟಿಗೆ ಬೈಕಿನ ಮೇಲಿಟ್ಟುಕೊಂಡು ಹೋದರು. ಅವತ್ತಿನಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ: ಉಸ್ತಾದ್, ಲೈಸನ್ಸ್ ಹೆಂಗ ಮಾಡಿಸೋದು? ಹೊಡೆಯೋದು ಹೆಂಗ ಕಲಿಯೋದು ಅಂತ ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

ಹಣದ ವಾಹನದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇದಕ್ಕೆ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಪ್ರತಿ ವಾಹನದಲ್ಲಿ ಡ್ರೈವರ್ ಜೊತೆಗೆ ಬಂದೂಕು ಇರುವ ಇಬ್ಬರು ಗಾರ್ಡ್ ಇರಬೇಕು, ಹಣ ನೋಡಿಕೊಳ್ಳುವವರು ಇಬ್ಬರು ಬೇರೆ. ನಗರದಲ್ಲಿ ರಾತ್ರಿ 9ರ ಮೇಲೆ ಎಟಿಎಂಗೆ ಹಣ ತುಂಬುವಂತಿಲ್ಲ, ಹಳ್ಳಿ ಕಡೆ ಸಂಜೆ 6ರ ಮೇಲೆ. ಬೀದರ್ ಪ್ರಕರಣ ಕೋರ್ಟಿನ ವಿಷಯ, ಅದರ ಗೊಡವೆಗೆ ನಾನು ಹೋಗುವುದಿಲ್ಲ. ಆದರೆ ನೀವೇ ಒಂದು ದಿನ ಎಟಿಎಂ ಎದುರಿನ ಚಹಾ ಅಂಗಡಿಯಲ್ಲಿ ಕೂತು ನೋಡಿ. ಎಷ್ಟು ಗಾಡಿಯಲ್ಲಿ ಇಬ್ಬರು ಗನ್‌ಮ್ಯಾನ್ ಇಳಿಯುತ್ತಾರೆ? ಇಳಿದವನ ಡಬಲ್ ಬ್ಯಾರೆಲ್‌ನಲ್ಲಿ ಕಾಡತೂಸು ಇದೆಯಾ, ಅಥವಾ ಸೊಂಟದ ಪೌಚ್‌ನಲ್ಲಿ ಗುಂಡಿ ಹಾಕಿ ಭದ್ರವಾಗಿದೆಯಾ? ಅವನು ಕೊನೆಯ ಸಲ ಗುಂಡು ಹಾರಿಸಿದ್ದು ಯಾವಾಗ ಅಂತ ಕೇಳಿ. ನಕ್ಕು ಸುಮ್ಮನಾಗುತ್ತಾನೆ.

ಇನ್ನು ರಿವಾಲ್ವರ್. ಸಾವ್ಕಾರರು ಕೇಳುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಆರು ಗುಂಡು ಹಿಡಿಯುತ್ತದೆ. ಜುಬ್ಬಾದ ಬಗಲಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಮೇಲೆ ಮೊಬೈಲು, ಅದರ ಮೇಲೆ ಕರವಸ್ತ್ರ. ಬೇಕಾದಾಗ ಅದು ಕೈಗೆ ಬರಲು ಎಷ್ಟು ಹೊತ್ತು ಬೇಕು? ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಡೆನಿಸ್ ಟ್ಯುಲರ್ ಅಂತ ಪೊಲೀಸ್ ತರಬೇತುದಾರರಿದ್ದರು. 1983ರಲ್ಲಿ ಅವರು ಒಂದು ಸಣ್ಣ ಲೆಕ್ಕ ಬರೆದರು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬಂದರೆ ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿಮ್ಮ ಮೈಮೇಲೆ ಇರುತ್ತಾನೆ. ಚೆನ್ನಾಗಿ ತಾಲೀಮು ಇರುವ ಪೊಲೀಸನಿಗೂ ಸೊಂಟದಿಂದ ಹತಾರ ತೆಗೆದು ಒಂದೆರಡು ಗುಂಡು ಹೊಡೆಯಲು ಹೆಚ್ಚೂಕಡಿಮೆ ಅಷ್ಟೇ ಸಮಯ ಬೇಕು.

ನನ್ನ ತರಗತಿಯಲ್ಲಿ ಇದನ್ನು ಮರದ ಬೊಂಬೆ ಪಿಸ್ತೂಲಿನಿಂದ ಮಾಡಿಸುತ್ತೇನೆ. ಒಬ್ಬ ಹುಡುಗನ ಕೈಗೆ ಟವೆಲ್ ಸುತ್ತಿ ಕೊಟ್ಟು ಎಂಟು-ಒಂಬತ್ತು ಹೆಜ್ಜೆ ದೂರ ನಿಲ್ಲಿಸುತ್ತೇನೆ. ಸೀಟಿ ಹೊಡೆದ ಕೂಡಲೇ ಅವನು ಓಡಿ ಬಂದು ಸಾವ್ಕಾರರಿಗೆ ಟವೆಲ್ಲಿನಿಂದ ಬಾರಿಸಬೇಕು. ಸಾವ್ಕಾರರು ಅಷ್ಟರಲ್ಲಿ ಜೇಬಿನಿಂದ ಬೊಂಬೆ ತೆಗೆಯಬೇಕು. ಟವೆಲ್ ಏಟು ತಿಂದಾಗಲೂ ಬೊಂಬೆಯ ಹಿಡಿ ಜುಬ್ಬಾಕ್ಕೆ ಸಿಕ್ಕಿಕೊಂಡೇ ಇರುತ್ತದೆ. ಉಳಿದವರು ನಗುತ್ತಾರೆ. ತಮ್ಮ ಸರದಿ ಬಂದಾಗ ನಗು ನಿಲ್ಲುತ್ತದೆ. ಇಲ್ಲಿ ಎದುರಾಳಿ ಬರುವುದು ಮೊದಲೇ ಗೊತ್ತು, ಅವನ ಕೈಯಲ್ಲಿರುವುದು ಬರೀ ಬಟ್ಟೆ. ಗಂಜ್‌ನಿಂದ ಮನೆಗೆ ಹೋಗುವ ದಾರಿಯಲ್ಲಿ ಹಿಂದಿನಿಂದ ಬೈಕ್ ಬಂದರೆ ಸೀಟಿ ಯಾರು ಹೊಡೀತಾರೆ?

ಅಂದರೆ ಬಂದೂಕು ಉಪಯೋಗವಿಲ್ಲ ಅಂತ ನನ್ನ ಮಾತಲ್ಲ. ಹೊಲದ ನಡುವಿನ ಒಂಟಿ ಮನೆ, ಪೊಲೀಸ್ ಠಾಣೆ ಎಷ್ಟೋ ದೂರ, ರಾತ್ರಿ ಬಾಗಿಲು ಒಡೆಯುವ ಸದ್ದು. ಅಲ್ಲಿ ತರಬೇತಿ ಇರುವ ಕೈಯಲ್ಲಿನ 12 ಬೋರ್ (ಚರೆ ಹಾರಿಸುವ ಉದ್ದ ನಳಿಕೆಯ ಬಂದೂಕು) ಜೀವ ಉಳಿಸುತ್ತದೆ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಅದಕ್ಕೂ ಗುರಿ ಬೇಕು. ಡಬಲ್ ಬ್ಯಾರೆಲ್ ಇದ್ದರೆ ಸುಮ್ನೆ ಆ ಕಡೆ ತಿರುಗಿಸಿದರೆ ಸಾಕು, ಚರೆಗಳು, ಅಂದರೆ ಕಾಡತೂಸಿನೊಳಗಿನ ಸಣ್ಣ ಗುಂಡುಗಳು, ಹರಡಿಕೊಂಡು ಹೋಗುತ್ತವೆ ಅಂತ ನಂಬಿದವರು ಬಹಳ. ಮನೆಯೊಳಗಿನ ದೂರ ಎಷ್ಟಿರುತ್ತದೆ? ನಾಲ್ಕೈದು ಮೀಟರ್. ಅಷ್ಟರಲ್ಲಿ ಚರೆಗಳು ಹರಡುವುದು ಹೆಚ್ಚೆಂದರೆ ಅಂಗೈ ಅಗಲ. ಕತ್ತಲಲ್ಲಿ ಕೈ ನಡುಗುತ್ತಾ ಹೊಡೆದರೆ ಆ ಅಂಗೈ ಅಗಲ ಎಲ್ಲಿ ಬೀಳುತ್ತದೆ, ಅದರ ಹಿಂದೆ ಯಾರು ಮಲಗಿದ್ದಾರೆ? ಮುಚ್ಚಿದ ಕೋಣೆಯಲ್ಲಿ ಒಂದು ಸಲ ಹೊಡೆದರೆ ಕಿವಿ ಗುಂಯ್ ಅನ್ನುತ್ತದೆ, ಆಮೇಲೆ ಹೆಂಡತಿ ಕೂಗಿದ್ದೂ ಕೇಳುವುದಿಲ್ಲ. ಇದನ್ನೆಲ್ಲ ಲೈಸನ್ಸ್ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಪಿಸ್ತೂಲಿನ ಅಪಘಾತ ಹೆಚ್ಚಾಗಿ ಒಂದೇ ರೀತಿ ಆಗುತ್ತದೆ. ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ತೆಗೆದೆ, ಈಗ ಖಾಲಿ ಅಂತ ಅಂದುಕೊಳ್ಳುತ್ತಾರೆ. ಚೇಂಬರ್‌ನಲ್ಲಿ, ಅಂದರೆ ನಳಿಕೆಯ ಹಿಂದೆ ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಉಳಿದಿರುತ್ತದೆ. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ನೋಡಿ, ಬೆರಳು ಹಾಕಿ ಮುಟ್ಟಿ. ಈ ಕ್ರಮ ತಪ್ಪಿದವನಿಗೆ ನಾನು ಅವತ್ತು ಮುಂದಿನ ಪಾಠ ಹೇಳುವುದಿಲ್ಲ. ಹಳೇ ಕಾಡತೂಸಿನ ಕಥೆ ಇನ್ನೊಂದು. ಅಪ್ಪನ ಕಾಲದಿಂದ ಟ್ರಂಕಿನಲ್ಲಿದ್ದ ಕಾಡತೂಸು, ಮೇಲೆ ಹಸಿರು ಕಿಲುಬು. ಟ್ರಿಗರ್ ಎಳೆದರೆ ಟಕ್ ಅಂತು, ಗುಂಡು ಹಾರಲಿಲ್ಲ. ಕೂಡಲೇ ನಳಿಕೆ ತಿರುಗಿಸಿ ಒಳಗೆ ಇಣುಕುತ್ತಾರೆ! ಅಯ್ಯಾ, ತಡವಾಗಿ ಹೊತ್ತಿಕೊಳ್ಳುವ ಕಾಡತೂಸೂ ಇರುತ್ತದೆ. ನಳಿಕೆ ಗುರಿಯ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಸದ್ದು ಎಂದಿಗಿಂತ ಮೆತ್ತಗೆ ಬಂದರಂತೂ ಇನ್ನೊಂದು ಗುಂಡು ಹೊಡೆಯಲೇಬೇಡಿ. ಮೊದಲಿನದು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಎರಡನೆಯದು ಹೊಡೆದರೆ ನಳಿಕೆ ಒಡೆದು ನಿಮ್ಮ ಕೈಗೇ ಬರುತ್ತದೆ.

ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹೊಡೆಯುವವರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ, ಸಂಭ್ರಮಕ್ಕೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸನ್ಸ್ ಇದ್ದರೂ ಅಷ್ಟೇ. ಆಯುಧ ಪೂಜೆಗೆ ಬಂದೂಕಿಗೆ ಕುಂಕುಮ ಹಚ್ಚಿ, ಮೊಮ್ಮಗನ ಕೈಗೆ ಕೊಟ್ಟು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುವವರಿಗೂ ಒಂದು ಕಾನೂನು ಬೇಕಿತ್ತು ಅಂತ ನನಗೆ ಅನಿಸುತ್ತದೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಮೊದಲು ಚೇಂಬರ್ ನೋಡಿ.

ಈಗ ಕಾನೂನು. ಆತ್ಮರಕ್ಷಣೆಯ ಹಕ್ಕು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಹಿಂದೆ ಐಪಿಸಿಯ 96ರಿಂದ 106ನೇ ಸೆಕ್ಷನ್‌ಗಳಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ಜೀವಕ್ಕೆ ನಿಜವಾದ ಅಪಾಯ ಬಂದರೆ ಎದುರಾಳಿಯ ಜೀವ ತೆಗೆಯುವವರೆಗೂ ಆ ಹಕ್ಕು ಹೋಗುತ್ತದೆ. ದರೋಡೆ ನಡೆದಾಗ, ಸೂರ್ಯ ಮುಳುಗಿದ ಮೇಲೆ ಮನೆಗೆ ಕನ್ನ ಹಾಕಿದಾಗ ಕೂಡ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಲ್ಲೆಗೆ ಗುರಿಯಾದವನು ಆ ಗಳಿಗೆಯಲ್ಲಿ ಲೆಕ್ಕ ಹಾಕಿ ಅಳೆದು ತೂಗಿ ಹೊಡೆಯಬೇಕು ಅಂತ ನಿರೀಕ್ಷಿಸಲಾಗದು ಎಂದಿದೆ. ಆದರೆ ಅದೇ ಕಾನೂನು ಇನ್ನೊಂದು ಮಾತೂ ಹೇಳುತ್ತದೆ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಈ ಹಕ್ಕಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕಳ್ಳ ಚೀಲ ಬಿಸಾಕಿ ಓಡುತ್ತಿದ್ದಾನೆ, ಅವನ ಬೆನ್ನಿಗೆ ಹೊಡೆದರೆ ನೀವು ಕಟಕಟೆಯಲ್ಲಿ ನಿಲ್ಲುತ್ತೀರಿ. ಆ ಬೆನ್ನು ದಾಟಿ ಬಾಳೆಹಣ್ಣಿನ ಬಂಡಿಯವನಿಗೆ ತಗುಲಿದರೆ ಯಾವ ಸೆಕ್ಷನ್ ಹುಡುಕುತ್ತೀರಿ?

ಆತ್ಮರಕ್ಷಣೆಯ ಹಕ್ಕು ಬೇರೆ, ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇರೆ. ಹುಡುಗರು ಯೂಟ್ಯೂಬ್ ನೋಡಿ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ, ಜನರಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ ಅನ್ನುತ್ತಾರೆ. ಅದು 1791ರದ್ದು, ಆ ದೇಶದ್ದು. ನಮ್ಮ ಸಂವಿಧಾನ ಸಭೆಯಲ್ಲೂ ಎಚ್.ವಿ. ಕಾಮತ್ ಅವರು 1948ರಲ್ಲಿ ಶಸ್ತ್ರ ಹೊಂದುವ ಹಕ್ಕನ್ನು ಸೇರಿಸಿ ಅಂತ ತಿದ್ದುಪಡಿ ಮಂಡಿಸಿದ್ದರು. ಸಭೆ ಒಪ್ಪಲಿಲ್ಲ. ಹಾಗಾಗಿ ನಮಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಗತಿ. ಕೊಡವರಿಗೆ ಲೈಸನ್ಸ್‌ನಿಂದ ವಿನಾಯಿತಿ ಇದೆಯಲ್ಲ ಅಂತ ಕೇಳುತ್ತಾರೆ. ಹೌದು, 2029ರವರೆಗೆ ಇದೆ. ಅಲ್ಲಿ ಕೋವಿ ಮನೆಯ ಪದ್ಧತಿಯೊಳಗೇ ಬೆಳೆದದ್ದು, ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬವೇ ಇದೆ. ನಮ್ಮಲ್ಲಿ ಅಂಥ ರೂಢಿ ಎಲ್ಲಿದೆ?

ಇಲ್ಲಿ ಕಲಬುರಗಿಯ ಓದುಗರಿಗೆ ಉತ್ತರ ಹೇಳಬೇಕು. ಬಂದೂಕೇ ಬೇಡ ಅನ್ನುವುದು ಸುಲಭ. 1857ರಲ್ಲಿ ಕಂಪನಿ ಸರ್ಕಾರವೂ ಹತಾರ ಒಪ್ಪಿಸಿ ಅಂದಿತ್ತು. ಹಲಗಲಿಯ ಬೇಡರು ಯಾಕೆ ತಿರುಗಿಬಿದ್ದರು ಅಂತ ಲಾವಣಿ ಕೇಳಿದವರಿಗೆ ಗೊತ್ತು. ಆ ಕಾಲ ಬೇರೆ, ಒಪ್ಪುತ್ತೇನೆ. ಆದರೆ ಈಗ ಹೆದರಿಸುವ ಬಂದೂಕುಗಳು ಯಾವುವು? ಭೀಮಾ ತೀರದಲ್ಲಿ ಕೈ ಬದಲಾಯಿಸುವ ಕಂಟ್ರಿ ಪಿಸ್ತೂಲ್‌ಗಳಿಗೆ ಲೈಸನ್ಸ್ ಇದೆಯಾ? 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ನಾಡ ಪಿಸ್ತೂಲಿನಿಂದ. ಲೈಸನ್ಸ್ ಬಂದೂಕು ಎಲ್ಲಿದೆ ಅಂತ ಸರ್ಕಾರಕ್ಕೆ ಗೊತ್ತು. ಅದಕ್ಕೊಂದು ನಂಬರ್ ಇದೆ, ಚುನಾವಣೆ ಬಂದಾಗ ಠಾಣೆಗೆ ಒಯ್ದು ಒಪ್ಪಿಸುತ್ತೇವೆ. (ವಾಪಸ್ ಬರುವಾಗ ತುಕ್ಕು ಹಿಡಿದಿರುತ್ತದೆ. ಒಂದು ಡಬ್ಬಿ ಎಣ್ಣೆ ಇಟ್ಟುಕೊಳ್ಳಿ ಅಂದರೆ ಯಾರೂ ಕೇಳುವುದಿಲ್ಲ.) ಹೇಳಿದ ಮಾತು ಕೇಳುವವನ ಕೈಯಿಂದಷ್ಟೇ ಕಿತ್ತುಕೊಂಡರೆ ಆಗುವ ಲಾಭ ಏನು?

ನನ್ನ ತಕರಾರು ಇರುವುದು ಲೈಸನ್ಸ್ ಕೊಡುವ ಬಗೆಯ ಮೇಲೆ. ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಲೈಸನ್ಸ್ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಆದರೂ ಔರಾದ್ ಕಡೆಯ ಒಂಟಿ ಮನೆಯ ರೈತ ಅರ್ಜಿ ಹಿಡಿದು ಅಲೆಯುತ್ತಾನೆ, ನಾಲ್ಕು ಮಂದಿ ಹಿಂಬಾಲಕರಿರುವ ಮುಖಂಡನಿಗೆ ಬೇಗ ಸಿಗುತ್ತದೆ. 2016ರ ನಿಯಮಗಳು ಬಂದಮೇಲೆ ಸುರಕ್ಷತಾ ತರಬೇತಿ ಪ್ರಮಾಣಪತ್ರ ಕೇಳುತ್ತಾರೆ, ಎಸ್-1 ನಮೂನೆ. ಒಳ್ಳೆಯ ನಿಯಮ. ಹಿಡಿಯುವುದು, ಒಯ್ಯುವುದು, ಬೀಗ ಹಾಕಿ ಇಡುವುದು, ಹೊಡೆಯುವುದು ಎಲ್ಲವೂ ಅದರಲ್ಲಿದೆ. ಆದರೆ ಒಂದೂ ಗುಂಡು ಹಾರಿಸದೆ ಆ ಕಾಗದ ತಂದೆ ಅಂತ ಹೆಮ್ಮೆಯಿಂದ ಹೇಳಿಕೊಂಡವರನ್ನು ನಾನು ನೋಡಿದ್ದೇನೆ. ಎಲ್ಲಿಂದ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತಿರ ಒಬ್ಬರು ಮಗನನ್ನು ಕರೆತಂದಿದ್ದರು. ಬೆಳಗ್ಗೆಯೇ ಕುಡಿದ ವಾಸನೆ. ನಾನು ಕಲಿಸುವುದಿಲ್ಲ ಅಂದೆ. ಯಾರ್‍ಯಾರದೋ ಫೋನ್ ಬಂತು. ಆದರೂ ಕಲಿಸಲಿಲ್ಲ. ಕುಡಿತ ಇರುವ ಮನೆಗೆ, ಮಾತೆತ್ತಿದರೆ ಸಾಯ್ತೀನಿ ಅನ್ನುವವರು ಇರುವ ಮನೆಗೆ ಬಂದೂಕು ಹೋಗಬಾರದು. ಅದನ್ನು ಪೊಲೀಸ್ ವರದಿಗಿಂತ ಮೊದಲು ಮನೆಯವರೇ ಹೇಳಬೇಕು.

ಹೇಗೋ ಒಂದು ಸಲ ಲೈಸನ್ಸ್ ಸಿಕ್ಕಿತು ಅನ್ನಿ. ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಣ ಇತ್ತು, 2019ರಿಂದ ಐದು ವರ್ಷ ಆಗಿದೆ. ಆ ಐದು ವರ್ಷದಲ್ಲಿ ಅವನು ಒಂದು ಗುಂಡನ್ನೂ ಹಾರಿಸದೆ ಇರಬಹುದು. ಹಾರಿಸೋಣ ಅಂದರೂ ಎಲ್ಲಿ? ಪೊಲೀಸರ ಫೈರಿಂಗ್ ರೇಂಜ್ ಇದೆ, ಅದು ಅವರಿಗೆ. ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗಲೋ ಒಮ್ಮೆ ನಡೆಯುತ್ತದೆ. ಹೊಲದಲ್ಲಿ ತಾಲೀಮು ಮಾಡಿದರೆ ಕೇಸು, ಮಾಡಲೂಬಾರದು.

ಹಾಗಾಗಿ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲಾಡಳಿತಗಳಿಗೆ ನನ್ನ ಕೋರಿಕೆ ಇಷ್ಟು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ರೇಂಜನ್ನು ತಿಂಗಳಿಗೊಂದು ಭಾನುವಾರ ಲೈಸನ್ಸ್ ಇರುವವರಿಗೆ ತೆರೆಯಿರಿ. ಶುಲ್ಕ ಹಾಕಿ, ಕೊಡುತ್ತಾರೆ. ರಿವಾಲ್ವರ್ ಕೊಳ್ಳುವವನಿಗೆ ಅದೇನು ದೊಡ್ಡದಲ್ಲ. ನವೀಕರಣಕ್ಕೆ ಬಂದವನು ಅಲ್ಲಿ ತನ್ನದೇ ಬಂದೂಕನ್ನು ಖಾಲಿ ಮಾಡಿ ತೋರಿಸಲಿ, ತುಂಬಿ ತೋರಿಸಲಿ, ಹತ್ತು ಮೀಟರ್ ದೂರದ ಗುರಿಗೆ ಹೊಡೆದು ತೋರಿಸಲಿ. ಆಗದಿದ್ದರೆ ಮತ್ತೆ ಕಲಿತು ಬರಲಿ, ಅಲ್ಲಿಯವರೆಗೆ ಬಂದೂಕು ಠಾಣೆಯಲ್ಲಿರಲಿ. ಎಟಿಎಂ ಗಾಡಿಯ ಗಾರ್ಡ್‌ಗಳಿಗೆ ಇದೇ ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ, ಅದರ ಖರ್ಚು ಏಜೆನ್ಸಿಯದ್ದು.

ಪತ್ರ ಬರೆದ ಗಂಜ್‌ನ ವ್ಯಾಪಾರಿಗೆ ಒಂದು ಮಾತು. ಲೈಸನ್ಸ್ ಬರುವ ತನಕ ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಅದೇ ಚೀಲದಲ್ಲಿ ಹಣ ಒಯ್ಯಬೇಡಿ. ಬಂದ ಮೇಲೂ ಒಯ್ಯಬೇಡಿ. ರೇಂಜ್ ತೆರೆದ ದಿನ ನಿಮ್ಮ ರಿವಾಲ್ವರ್ ತೆಗೆದುಕೊಂಡು ಬನ್ನಿ. ದುಡ್ಡು ತೆಗೆದುಕೊಳ್ಳದೆ ಕಲಿಸುತ್ತೇನೆ. ಕಾಡತೂಸು ಮಾತ್ರ ನಿಮ್ಮದು, ಹೊಸದು ತನ್ನಿ. ಜುಬ್ಬಾ ಹಾಕಿಕೊಂಡೇ ಬನ್ನಿ.

ಇತಿ,
ನಿವೃತ್ತ ಹವಾಲ್ದಾರ್, ಬಂದೂಕು ತರಬೇತುದಾರ
ಹುಮನಾಬಾದ್, ಬೀದರ್ ಜಿಲ್ಲೆ