ರಾತ್ರಿ ಒಂದು ಮಾತ್ರೆ ನುಂಗಿದ್ರೆ ದಮ್ಮು ಮುಗೀತಾ ಸಾರ್?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಅಸ್ತಮಾ ಬಗ್ಗೆ ಅರ್ಧ ಪುಟ ಬಂದಿತ್ತಲ್ಲ, ಹೊದಿಕೆ ಬಿಸಿನೀರಲ್ಲಿ ಒಗೀರಿ, ಊದುಬತ್ತಿ ಹಚ್ಚಬೇಡ್ರಿ, ಪ್ರಾಣಾಯಾಮ ಮಾಡ್ರಿ ಅಂತ, ಎಲ್ಲಾ ಸರೀನೇ ಇತ್ತು. ಆದ್ರೆ ನಮ್ಮ ಕಡೆ ದಮ್ಮಿರೋ ಬಹಳ ಜನ ದಿನಾ ರಾತ್ರಿ ಊಟ ಆದ್ಮೇಲೆ ನುಂಗೋ ಮಾಂಟೆಲುಕಾಸ್ಟ್ ಅನ್ನೋ ಮಾತ್ರೆ ಬಗ್ಗೆ ಮಾತ್ರ ಒಂದೇ ಸಾಲು, ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸಬಹುದು, ಅಷ್ಟೇ. ಆ ಒಂದು ಸಾಲಿನ ಅರ್ಥ ಏನು ಅಂತ ತಿಳ್ಕೊಳ್ಳೋಕೆ ನಂಗೆ ಮೂರು ವರ್ಷ ಹಿಡೀತು, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ನೀವೇ ಕತ್ತರಿಸ್ಕೊಳ್ಳಿ.

ನಾನು ದಾವಣಗೆರೆಲಿ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯೋನು, ಇಪ್ಪತ್ತೇಳು ವರ್ಷ ಆಯ್ತು. ಭದ್ರಾ ಚಾನಲ್ ಕಡೆ ಭತ್ತ ಬರೋಕೆ ಶುರುವಾದ್ರೆ ನಮ್ಮ ಆಫೀಸ್ ರೂಮಲ್ಲೂ ಧೂಳು, ಬೆಳಿಗ್ಗೆ ಒರೆಸಿಟ್ಟ ಟೇಬಲ್ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೀಬಹುದು, ಲೆಡ್ಜರ್ ಹಾಳೆ ತಿರುವಿದ್ರೆ ಮೊಣಕೈಲಿ ಒಂದು ಸಲ ಸವರಿಕೊಂಡೇ ಪೆನ್ನು ಇಡಬೇಕು. ಕೆಲಸಕ್ಕೆ ಸೇರಿದ ಎಂಟು ವರ್ಷಕ್ಕೆ ದಮ್ಮು ಅಂಟ್ಕೊಂತು. ಮೊದಮೊದಲು ಡೆರಿಫಿಲಿನ್ ನುಂಗೋದು, ಜೋರಾದ್ರೆ ಸೂಜಿ ಹಾಕಿಸ್ಕೊಳ್ಳೋದು. ಆಮೇಲೆ ಒಬ್ಬ ಡಾಕ್ಟರ್ ಎರಡು ಪಂಪ್, ಅಂದ್ರೆ ಬಾಯಿಗಿಟ್ಟು ಔಷಧ ಒಳಗೆಳ್ಕೊಳ್ಳೋ ಇನ್‌ಹೇಲರ್, ಬರೆದ್ರು, ಒಂದು ಉಸಿರು ಕಟ್ಟಿದಾಗ ಹೊಡ್ಕೊಳ್ಳೋ ನೀಲಿದು, ಇನ್ನೊಂದು ದಿನಾ ಎರಡು ಹೊತ್ತು ತಗೊಳ್ಳೋ ಸ್ಟಿರಾಯ್ಡ್‌ದು. ದಿನಾ ತಗೊಳ್ಳೋದೇ ನಂಗೆ ಸೇರ್ತಿರಲಿಲ್ಲ. ನಾಲ್ಕು ಜನರ ಮುಂದೆ ಅದನ್ನ ಬಾಯಿಗಿಟ್ಟರೆ ಟಿಬಿ ಇದ್ದೋನ್ನ ನೋಡಿದಂಗೆ ನೋಡ್ತಾರೆ, ಮೇಲಿಂದ ನಮ್ಮ ಅತ್ತಿಗೆ "ಪಂಪ್ ಹಿಡಿದೋರು ಬಿಟ್ಟಿದ್ದು ಉಂಟೇನ್ರಿ" ಅಂತ ಒಂದು ಮಾತು ಎಸೆದಿದ್ರು.

ಅಷ್ಟರಲ್ಲಿ ಯಾವಾಗಲೋ ಮೂಗು ಸೋರ್ತಿದೆ ಅಂತ ಹೋದಾಗ ಡಾಕ್ಟರ್ ಮಾಂಟೆಲುಕಾಸ್ಟ್ ಜೊತೆ ಲೆವೊಸೆಟ್ರಿಜಿನ್ ಅನ್ನೋ ಅಲರ್ಜಿ ಔಷಧ ಸೇರಿರೋ ಮಾತ್ರೆ ಬರೆದುಕೊಟ್ರು, ಹತ್ತು ದಿನಕ್ಕೆ. ಹೆಸರು ಇಷ್ಟುದ್ದ ಅನ್ಕೋಬೇಡಿ, ಮಾಂಟೇರ್ ಎಲ್‌ಸಿ, ಮಾಂಟೆಕ್ ಎಲ್‌ಸಿ ಅಂದ್ರೆ ಈಗ ಎಲ್ಲರ ಮನೆ ಡಬ್ಬಿಲೂ ಇರುತ್ತೆ. ನುಂಗಿದ ರಾತ್ರಿಯೇ ಒಳ್ಳೆ ನಿದ್ದೆ, ಮೂಗು ಖಾಲಿ, ವಾರದಲ್ಲಿ ಬೆಳಗಿನ ಜಾವ ಮೂರು ಗಂಟೆ ಕೆಮ್ಮೂ ತಗ್ಗಿತು. ಸರಿ, ಇದೇ ನಮ್ಮ ಔಷಧ ಅಂತ ನಾನೇ ತೀರ್ಮಾನ ಮಾಡಿ ಪಂಪನ್ನ ದೇವರ ಮನೆ ಗೂಡಲ್ಲಿಟ್ಟೆ. ಹತ್ತು ದಿನದ ಮಾತ್ರೆ ಮೂರು ವರ್ಷ ನಡೀತು. ಮೆಡಿಕಲ್ ಶಾಪಿನ ಹುಡುಗ ನನ್ನ ಸ್ಕೂಟರ್ ಸೌಂಡ್ ಕೇಳಿಯೇ ಸ್ಟ್ರಿಪ್ ತೆಗೆದು ಕೌಂಟರ್ ಮೇಲೆ ಇಡ್ತಿದ್ದ. ಚೀಟಿ ತೋರಿಸಿ ಅಂತ ಒಂದು ದಿನವೂ ಕೇಳಲಿಲ್ಲ, ಶೆಡ್ಯೂಲ್ ಎಚ್, ಡಾಕ್ಟರ್ ಚೀಟಿ ಇಲ್ದೆ ಮಾರಬಾರದು ಅಂತ ಸ್ಟ್ರಿಪ್ ಹಿಂದೆನೇ ಅಚ್ಚಾಗಿರುತ್ತೆ, ಅದನ್ನ ನಾನೂ ಓದಿರಲಿಲ್ಲ ಬಿಡಿ.

ಹಿಂದಿನ ಸುಗ್ಗಿಲಿ ತೌಡಿನ ಚೀಲ ಒಂದು ಲೋಡ್ ಮಾಡೋವಾಗ ಬಾಯಿ ಬಿಚ್ಕೊಂಡು ನನ್ನ ರೂಮಿನ ಬಾಗಿಲ ಮುಂದೇ ಬಿತ್ತು. ಐದು ನಿಮಿಷಕ್ಕೆ ಎದೆ ಬಿಗಿದು ಸುಯ್ ಸುಯ್ ಅನ್ನೋಕೆ ಶುರು. ಬ್ಯಾಗಲ್ಲಿದ್ದ ಮಾತ್ರೆ ನುಂಗಿದೆ, ಹತ್ತು ನಿಮಿಷ ನೋಡ್ದೆ, ಇನ್ನೊಂದು ನುಂಗಿದೆ, ಏನೂ ಇಲ್ಲ. ಒಂದು ಮಾತು ಆಡೋಕೆ ಎರಡು ಸಲ ಉಸಿರು ಎಳೀಬೇಕು ಅನ್ನೋ ಸ್ಥಿತಿಗೆ ಬಂದಾಗ ಹುಡುಗರು ಟಾಟಾ ಏಸ್‌ನಲ್ಲಿ ಅಕ್ಕಿ ಚೀಲಕ್ಕೆ ಒರಗಿಸಿಕೊಂಡು ಆಸ್ಪತ್ರೆಗೆ ಹಾಕಿದ್ರು. ಔಷಧನ ಹಬೆ ಥರ ಮಾಡಿ ಉಸಿರಿಗೆ ಕೊಡೋ ನೆಬ್ಯುಲೈಸರ್ ಮಾಸ್ಕ್ ಕಟ್ಟಿ ಎರಡು ದಿನ ಇಟ್ಕೊಂಡ್ರು. ಡ್ಯೂಟಿ ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ, "ದಿನಾ ಏನು ತಗೋತೀರಿ ಅಂಕಲ್" ಅಂದ್ರು, ನಾನು ಹೆಮ್ಮೆಯಿಂದ ಒಂದು ದಿನ ತಪ್ಪಿಸದೆ ಮಾತ್ರೆ ತಗೋತೀನಮ್ಮ ಅಂದೆ. "ಪಂಪ್ ಎಲ್ಲಿ?" ಅಂದ್ರು. ದೇವರ ಮನೆಲಿ ಅಂತ ಹೇಳೋಕೆ ನಾಚಿಕೆ ಆಯ್ತು.

ಅವರು ಹೇಳಿದ್ದನ್ನ ನಮ್ಮ ಮಿಲ್ಲಿನ ಭಾಷೆಲಿ ಹೇಳ್ತೀನಿ. ಧೂಳೋ ಪರಾಗವೋ ತಾಕಿದಾಗ ನಮ್ಮ ಮೈಯಲ್ಲೇ ಲ್ಯೂಕೋಟ್ರೈನ್ ಅನ್ನೋ ಪದಾರ್ಥ ಹುಟ್ಟುತ್ತೆ, ಅದು ಉಸಿರಿನ ಕೊಳವೇಲಿ ಅನ್‌ಲೋಡ್ ಆದ್ರೆ ಕೊಳವೆ ಊದಿ ಬಿಗಿಯುತ್ತೆ. ಈ ಮಾತ್ರೆ ಮೊದಲೇ ಹೋಗಿ ಅನ್‌ಲೋಡ್ ಮಾಡೋ ಜಾಗದಲ್ಲಿ ಖಾಲಿ ಲಾರಿ ಥರ ನಿಂತ್ಕೊಳ್ಳುತ್ತೆ, ಲ್ಯೂಕೋಟ್ರೈನ್ ಲಾರಿಗೆ ಜಾಗ ಸಿಗಲ್ಲ. ಆದ್ರೆ ದಮ್ಮಿಗೆ ಸರಕು ತರೋದು ಅದೊಂದೇ ಲಾರಿ ಅಲ್ಲ, ಬೇರೆ ಗೇಟಿಂದ ಬರೋವು ಬರ್ತಾನೇ ಇರುತ್ತವೆ, ಮಾತ್ರೆ ಅವನ್ನ ತಡೆಯಲ್ಲ. ಆಗಲೇ ಬಿಗಿದಿರೋ ಕೊಳವೇನ ಗಕ್ಕನೆ ಬಿಡಿಸೋ ಕೆಲಸವಂತೂ ಅದರದ್ದಲ್ಲವೇ ಅಲ್ಲ, ನಾನು ಎರಡಲ್ಲ ಹತ್ತು ನುಂಗಿದ್ರೂ ಅಷ್ಟೇ ಆಗ್ತಿತ್ತು.

ಮಾಂಟೆಲುಕಾಸ್ಟ್ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕ ಔಷಧ, ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದಮ್ಮಿನ ಜೊತೆ ಮೂಗಿನ ಅಲರ್ಜಿ ಇದ್ದೋರಿಗೆ, ಓಡಿದ್ರೆ ಉಸಿರು ಕಟ್ಟೋ ಕೆಲವರಿಗೆ, ಪಂಪ್ ಒಂದರಲ್ಲೇ ಹತೋಟಿಗೆ ಬರದೋರಿಗೆ ಜೊತೆಗೆ ಕೊಡೋದಕ್ಕೆ ಉಪಯೋಗ ಇದೆ. ಆದ್ರೆ ದಿನನಿತ್ಯದ ತಡೆಗೆ ಸ್ಟಿರಾಯ್ಡ್ ಪಂಪಿನಷ್ಟು ಬಲ ಇದಕ್ಕಿಲ್ಲ ಅನ್ನೋದು ಡಾಕ್ಟರುಗಳಿಗೆಲ್ಲ ಗೊತ್ತಿರೋ ವಿಷಯ, ನಮಗೆ ಮಾತ್ರ ಯಾರೂ ಹೇಳಿರಲಿಲ್ಲ. ನಮಗೋ ಸ್ಟಿರಾಯ್ಡ್ ಅಂದ್ರೆ ಭಯ. ನಾನು ಲೆಕ್ಕದೋನು, ಕೂತು ಲೆಕ್ಕ ಹಾಕಿದೆ. ನನ್ನ ಪಂಪಲ್ಲಿ ಒಂದು ಸಲಕ್ಕೆ 200 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಂನ ಐದನೇ ಒಂದು ಪಾಲು. ಆಸ್ಪತ್ರೇಲಿ ದಮ್ಮು ಇಳಿಸೋಕೆ ನಂಗೆ ಕೊಟ್ಟ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ಪಂಪಿನ ಎರಡು ಹೊತ್ತಿನದು ಸೇರಿಸಿದ್ರೂ ತೂಕದಲ್ಲಿ ಅದರ ನೂರು ಪಟ್ಟು! ಅದೂ ಹೊಟ್ಟೆ, ರಕ್ತ, ಮೂಳೆ ಎಲ್ಲಾ ಸುತ್ಕೊಂಡು ಎದೆಗೆ ಬರುತ್ತೆ, ಪಂಪಿನದು ಸೀದಾ ಎದೆಗೆ. ತಗೊಂಡಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದ್ರೆ ಸಾಕು. ಚಿಕ್ಕ ಸ್ಟಿರಾಯ್ಡಿಗೆ ಹೆದರಿ ದೊಡ್ಡ ಸ್ಟಿರಾಯ್ಡಿಗೆ ಕುತ್ತಿಗೆ ಕೊಟ್ಟಂಗಾಯ್ತು ನಂದು.

ಮಾತ್ರೆ ಮೇಲಿನ ನಂಬಿಕೆ ನಮ್ಮಲ್ಲಿ ಎಷ್ಟಿದೆ ಅಂದ್ರೆ, ನಮ್ಮ ಮಿಲ್ಲಿನ ಹಮಾಲಿ ಒಬ್ಬನಿಗೆ ರೋಟಾಹೇಲರ್‌ನಲ್ಲಿ ಹಾಕಿ ಎಳ್ಕೊಳ್ಳೋ ಕ್ಯಾಪ್ಸೂಲ್ ಬರೆದುಕೊಟ್ಟಿದ್ರು. ಒಂದು ತಿಂಗಳಾದ್ರೂ ಕಮ್ಮಿ ಆಗಿಲ್ಲ ಅಂತ ಗೋಳಾಡ್ತಿದ್ದ. ಹೆಂಗೆ ತಗೋತೀಯೋ ತೋರಿಸು ಅಂದ್ರೆ, ಕ್ಯಾಪ್ಸೂಲ್ ಬಾಯಿಗೆ ಹಾಕ್ಕೊಂಡು ಗಟಗಟ ನೀರು ಕುಡಿದುಬಿಟ್ಟ. ಆ ಪ್ಲಾಸ್ಟಿಕ್ ಯಂತ್ರ ಏನು ಮಾಡ್ದೆ ಅಂದ್ರೆ ಮಗ ಆಟಕ್ಕೆ ಇಟ್ಕೊಂಡಿದಾನೆ ಸಾರ್ ಅಂದ. ನಗು ಬಂತು, ಆದ್ರೆ ಪಂಪನ್ನ ದೇವರ ಮನೆಲಿಟ್ಟ ನಾನೇನು ಅವನಿಗಿಂತ ಬುದ್ಧಿವಂತನಾ.

ಇಷ್ಟಾದ್ರೆ ನಾನು ಈ ಕಾಗದ ಬರೀತಿರಲಿಲ್ಲ. ನಮ್ಮ ಮಗಳ ಮಗ, ಐದು ವರ್ಷ, ಅವನಿಗೂ ಚಳಿಗಾಲ ಬಂದ್ರೆ ಎದೆ ಗೊರಗೊರ. ಅವನಿಗೆ ಇದೇ ಔಷಧದ 4 ಮಿಲಿಗ್ರಾಂ ಅಗಿದು ತಿನ್ನೋ ಮಾತ್ರೆ ಶುರು ಮಾಡಿದ್ರು. ಎರಡನೇ ವಾರದಿಂದ ಹುಡುಗ ನಡುರಾತ್ರಿ ಚೀರಿಕೊಂಡು ಏಳೋನು, ಕಣ್ಣು ಬಿಟ್ಟಿರೋದು ಆದ್ರೆ ಅಮ್ಮನ ಗುರುತು ಹತ್ತದು, ಗೋಡೆ ಮೇಲೆ ಏನೋ ಹರೀತಿದೆ ಅನ್ನೋನು. ಹಗಲು ಎಲ್ಲದಕ್ಕೂ ಸಿಟ್ಟು, ಯಾವತ್ತೂ ಕೈ ಎತ್ತದೋನು ಪಕ್ಕದ ಮನೆ ಮಗೂನ ಕಚ್ಚಿಬಿಟ್ಟ. ನಮ್ಮನೆಯೋಳು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ಲು, ಬೀಗರು ತಾಯಿತ ಕಟ್ಟಿಸಿದ್ರು, ನಾನು ಟೀವಿ ಬಂದ್ ಮಾಡಿಸ್ದೆ. ಮಾತ್ರೆ ಕಡೆ ಯಾರ ಗಮನವೂ ಹೋಗಲಿಲ್ಲ, ಹೋಗೋದಾದ್ರೂ ಹೆಂಗೆ, ಎದೆ ಔಷಧಕ್ಕೂ ಕನಸಿಗೂ ಏನು ಸಂಬಂಧ ಅನ್ನಿಸುತ್ತಲ್ವಾ. ತಿಂಗಳಾದ ಮೇಲೆ ಬೇರೆ ಮಕ್ಕಳ ಡಾಕ್ಟರ್ ಹತ್ರ ಹೋದಾಗ ಅವರು ಎಲ್ಲಾ ಕೇಳಿ ಮೊದಲು ಮಾಡಿದ ಕೆಲಸ ಅಂದ್ರೆ ಆ ಮಾತ್ರೆ ನಿಲ್ಲಿಸಿ, ಸ್ಪೇಸರ್ ಅಂತ ಪಂಪಿಗೆ ಜೋಡಿಸೋ ಪ್ಲಾಸ್ಟಿಕ್ ಕೊಳವೆ ಹಾಕಿ ಪಂಪ್ ಕೊಟ್ಟಿದ್ದು. ವಾರದೊಳಗೆ ನಮ್ಮ ಹುಡುಗ ನಮಗೆ ವಾಪಸ್ ಸಿಕ್ಕ.

ಆಮೇಲೆ ಗೊತ್ತಾಯ್ತು, ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲೇ ಈ ಔಷಧಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆ, ಕಪ್ಪು ಚೌಕಟ್ಟಿನದು, ಹಾಕಿದೆ. ಕೆಟ್ಟ ಕನಸು, ಸಿಟ್ಟು, ಮಂಕು ಕವಿಯೋದು, ಆತ್ಮಹತ್ಯೆ ಯೋಚನೆ ತನಕ ಕೆಲವರಿಗೆ ಆಗಬಹುದು ಅಂತ, ಬರೀ ಮೂಗಿನ ಅಲರ್ಜಿಗಾದ್ರೆ ಬೇರೆ ಔಷಧ ನಡೆಯದಿದ್ರೆ ಮಾತ್ರ ಇದನ್ನ ಬರೀರಿ ಅಂತಲೂ ಹೇಳಿದೆ. ಎಲ್ಲರಿಗೂ ಆಗಲ್ಲ, ನಂಗೇ ಮೂರು ವರ್ಷ ಏನೂ ಆಗಲಿಲ್ಲ, ಮಧ್ಯಾಹ್ನದವರೆಗೆ ತೂಕಡಿಕೆ ಒಂದು ಬಿಟ್ಟರೆ, ಅದೂ ಜೊತೆಗಿರೋ ಲೆವೊಸೆಟ್ರಿಜಿನ್ ದೆಸೆಯಿಂದ. ಹಂಗಂತ ಇದನ್ನ ಓದಿ ಯಾರೂ ಇವತ್ತು ರಾತ್ರಿಯೇ ಮಾತ್ರೆ ಬಿಡೋಕೆ ಹೋಗಬೇಡಿ, ತಡೆಗೆ ಅದೊಂದನ್ನೇ ನಂಬ್ಕೊಂಡಿರೋರು ದಿಢೀರಂತ ಬಿಟ್ಟರೆ ದಮ್ಮು ಕೆದರುತ್ತೆ, ಡಾಕ್ಟರ್ ಹತ್ರ ಹೋಗಿ ನಂಗೆ ಇದು ಇನ್ನೂ ಬೇಕಾ, ಪಂಪ್ ಬೇಕಾ ಅಂತ ಕೇಳಿ.

ಮಕ್ಕಳ ವಿಷಯ ಸಣ್ಣದಲ್ಲ ಸಾರ್. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ರು, 1979ರಲ್ಲಿ ಶೇ 9 ಇದ್ದ ಅಸ್ತಮಾ 1999ಕ್ಕೆ ಶೇ 29.5 ಆಗಿತ್ತು. ಅಷ್ಟು ಮಕ್ಕಳ ಮನೇಲೂ ಒಂದು ಚೀಟಿ, ಆ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ಮಾತ್ರೆ ತರೋ ಒಬ್ಬ ಅಪ್ಪ ಇರ್ತಾನೆ. ಬರೆಯೋ ಡಾಕ್ಟರು ಎಷ್ಟು ದಿನ ಅಂತ ಚೀಟಿ ಮೇಲೆ ದಪ್ಪಗೆ ಬರೆದು, ನಿದ್ದೆ, ಸ್ವಭಾವ ಬದಲಾದ್ರೆ ಫೋನ್ ಮಾಡಿ ಅಂತ ಒಂದು ಮಾತು ಹೇಳಿದ್ರೆ ಅರ್ಧ ನಿಮಿಷ ಹೋಗಲ್ಲ. ಮೆಡಿಕಲ್ ಶಾಪಿನೋರು ಹಳೇ ಚೀಟಿಗೆ ಕೊಡೋಕೆ ಮುಂಚೆ ತಾರೀಖು ನೋಡಲಿ. ಸರ್ಕಾರಿ ಆಸ್ಪತ್ರೇಲಿ ಕೇಳಿದಾಗ ನಂಗೆ ಮಾತ್ರೆ ಸಿಕ್ತು, ದಿನಾ ತಗೊಳ್ಳೋ ಪಂಪ್ ಸಿಗಲಿಲ್ಲ, ಬಡವ ಮಾತ್ರೆಗೆ ಅಂಟ್ಕೊಳ್ಳೋದು ಬರೀ ನಾಚಿಕೆಗಲ್ಲ ಅನ್ನೋದನ್ನ ಆರೋಗ್ಯ ಇಲಾಖೆ ನೋಡಬೇಕು.

ಇನ್ನು ನಿಮ್ಮದು. ಪ್ರತಿ ವರ್ಷ ಮೃಗಶಿರಾ ಮಳೆ ಕೂಡೋ ದಿನ ಹೈದರಾಬಾದಲ್ಲಿ ದಮ್ಮಿಗೆ ಜೀವಂತ ಮೀನು ನುಂಗಿಸೋದರ ಫೋಟೋ ಪತ್ರಿಕೆಗಳು ತಪ್ಪದೇ ಹಾಕ್ತವೆ. ನಮ್ಮಣ್ಣನೂ ಎರಡು ವರ್ಷ ಹೋಗಿ ನುಂಗಿ ಬಂದ, ಮೂರನೇ ವರ್ಷ ನನ್ನ ಪಕ್ಕದ ಬೆಡ್‌ಗೇ ಬಂದ. ಮೀನಿಗೆ ಅಷ್ಟು ಜಾಗ ಕೊಡೋರು ಮಾತ್ರೆಗೆ ಒಂದು ಸಾಲು ಕೊಟ್ಟರೆ ಹೆಂಗೆ? ಈ ಸಲದ ಸುಗ್ಗಿ ಧೂಳು ಏಳೋಕೆ ಮುಂಚೆ ಒಬ್ಬ ಎದೆ ಡಾಕ್ಟರ್ ಹತ್ರ ಈ ಮಾತ್ರೆ ಬಗ್ಗೇನೇ ಬರೆಸಿ, ಕ್ಯಾಪ್ಸೂಲ್ ನುಂಗೋದಲ್ಲ ಅಂತ ಚಿತ್ರದ ಸಮೇತ ಹಾಕಿ. ನಮ್ಮ ಹಮಾಲಿಗೆ ಓದೋಕೆ ಬರಲ್ಲ, ಚಿತ್ರ ಕತ್ತರಿಸಿ ತೂಕದ ಮೆಷಿನ್ ಪಕ್ಕ ಅಂಟಿಸ್ತೀನಿ.

ಇಂತಿ,
ರೈಸ್ ಮಿಲ್ ಗುಮಾಸ್ತ, ದಾವಣಗೆರೆ