ಪಿಡಿಎಸ್ ಅನ್ನು ಡೈರೆಕ್ಟರಿ ಮಾಡಿದವರಿಗೆ

ನಮ್ಮ ಫೈಲ್ ಸಿಸ್ಟಮ್ ಕಳೆದ ವಾರ ಮೊದಲ ಗ್ರಾಹಕರ ಪ್ರೊಡಕ್ಷನ್‌ಗೆ ಹೋಯಿತು. ಅಲ್ಲಿನವರು ಜೆಡ್/ಓಎಸ್‌ನ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಯುನಿಕ್ಸ್ ಕಡೆ ಕೂತು, ಫೈಲುಗಳ ಪಟ್ಟಿ ಕೇಳುವ ಎಲ್‌ಎಸ್ ಹೊಡೆದರೆ ಪಿಡಿಎಸ್‌ನ (ಮೆಂಬರ್ ಅನ್ನುವ ಹಲವು ಭಾಗಗಳನ್ನು ಒಳಗಿಟ್ಟುಕೊಂಡ ಮೇನ್‌ಫ್ರೇಮ್ ಡೇಟಾಸೆಟ್) ಮೆಂಬರ್‌ಗಳು ಮಾಮೂಲಿ ಫೈಲುಗಳ ಹಾಗೆ ಸಾಲಾಗಿ ಕಾಣುತ್ತವೆ. ನೋಡೋಕೆ ಇಷ್ಟೇ.

ಆದರೆ ಪಿಡಿಎಸ್ 1964ರಲ್ಲಿ ಘೋಷಣೆಯಾದ ಓಎಸ್/360 ಕಾಲದ್ದು, ಅದಕ್ಕೆ ಗೊತ್ತಿರುವುದು ರೆಕಾರ್ಡು ಮಾತ್ರ. ಯುನಿಕ್ಸ್ ಈ ಮನೆಗೆ ಬಂದದ್ದು ತೊಂಬತ್ತರ ದಶಕದಲ್ಲಿ, ಅದು ಕೇಳುವುದು ಬೈಟು. ಇಬ್ಬರ ನಡುವೆ ಪಿಎಫ್‌ಎಸ್ (ಯುನಿಕ್ಸ್‌ನ ಫೈಲ್ ಕೋರಿಕೆಗಳನ್ನು ನಡೆಸಿಕೊಡುವ ಫಿಸಿಕಲ್ ಫೈಲ್ ಸಿಸ್ಟಮ್) ಬರೆದು ಕೂರಿಸುವುದು ನಮ್ಮ ಪಾಲಿಗೆ ಬಂತು.

ಮೊದಲ ನಮಸ್ಕಾರ ನಿವೃತ್ತರಾದ ಮೇಲೂ ಫೋನ್ ಎತ್ತುತ್ತಿದ್ದ ನಮ್ಮ ಹಿರಿಯರಿಗೆ. ಲಿಸ್ಟ್‌ನಲ್ಲಿ ಪೇ ಅನ್ನುವ ಮೆಂಬರ್ ಕಾಣುತ್ತಿತ್ತು, ತೆರೆಯಲು ಹೋದರೆ 'ಅಂಥ ಫೈಲೇ ಇಲ್ಲ' ಅನ್ನುತ್ತಿತ್ತು. ಎಲ್ಲರೂ ಹೆಸರು ಹುಡುಕುವ ಲುಕಪ್ ರುಟೀನನ್ನೇ ಜಾಲಾಡುತ್ತಿದ್ದೆವು. ಸರ್ ಆಫೀಸಿಗೇ ಬಂದರು, ಮೆಮೊರಿಯ ಡಂಪ್ ಮೇಲೆ ಬೆರಳಾಡಿಸಿದರು: ಡಿ7, ಸಿ1, ಇ8 (ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಪಿ, ಎ, ವೈ), ಆಮೇಲೆ ಐದು ಸಲ 40. "ಖಾಲಿ ಜಾಗ ಕಣ್ರಪ್ಪಾ, ಎಬ್ಸಿಡಿಕ್ ಬ್ಲ್ಯಾಂಕು. ಎಂಟಕ್ಷರ ತುಂಬಿಸಿಟ್ಟಿದ್ದನ್ನ ಹಾಗೇ ಕೊಟ್ಟರೆ ಯುನಿಕ್ಸ್‌ಗೆ ಅದು ಬೇರೆ ಹೆಸರೇ ಅಲ್ವಾ?" ಕನ್ನಡಕ ಕೂಡ ಹಾಕಿರಲಿಲ್ಲ.

ನಮ್ಮ ಸಿಸ್ಟಮ್ಸ್ ಪ್ರೋಗ್ರಾಮರ್ ಮೇಡಂಗೆ ಥ್ಯಾಂಕ್ಸ್ ಹೇಳಿದರೆ ಸಾಲದು, ಕ್ಷಮೆಯನ್ನೂ ಕೇಳಬೇಕು. ಪಿಎಫ್‌ಎಸ್ ಓಡುವುದು ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ, ಮೆಮೊರಿ ರಕ್ಷಣೆಯ ತಡೆಯಿಲ್ಲದ ಕೀ ಸೊನ್ನೆಯಲ್ಲಿ. ಒಂದು ಪಾಯಿಂಟರ್ ದಾರಿ ತಪ್ಪಿದರೆ ನಮ್ಮ ಕೆಲಸವಷ್ಟೇ ಬೀಳುವುದಿಲ್ಲ, ಟೆಸ್ಟ್ ಸಿಸ್ಟಮ್‌ನಲ್ಲಿರುವ ಎಲ್ಲರ ಯುನಿಕ್ಸನ್ನೂ ಎಳೆದುಕೊಂಡು ಬೀಳುತ್ತದೆ. "ಮತ್ತೆ ಕೆಡವಿದ್ರಾ?" ಅಂತ ಒಂದೇ ಮಾತು ಕೇಳಿ ಐಪಿಎಲ್ (ಮೇನ್‌ಫ್ರೇಮ್‌ನ ರೀಬೂಟ್) ಮಾಡಿಕೊಡುತ್ತಿದ್ದರು.

ಟೆಸ್ಟಿಂಗ್ ಹುಡುಗ ಫೈಲ್ ಸೈಜ್ ವಿಷಯದಲ್ಲಿ ಹಟ ಹಿಡಿದ. ಮೆಂಬರ್‌ನಲ್ಲಿ ಎಷ್ಟು ಬೈಟಿದೆ ಅಂತ ಪಿಡಿಎಸ್ ಡೈರೆಕ್ಟರಿ ಬರೆದಿಟ್ಟುಕೊಳ್ಳುವುದಿಲ್ಲ. ಪೂರ್ತಿ ಓದಿ ಎಣಿಸಬೇಕು. ಸೊನ್ನೆ ತೋರಿಸಿ ಕೈತೊಳೆದುಕೊಳ್ಳೋಣ ಅನ್ನುವವರೇ ಹೆಚ್ಚಿದ್ದರು. ಅವನು ಬಿಡಲಿಲ್ಲ, ಅವನೇ ಸರಿ.

ಐಬಿಎಂ ಕೈಪಿಡಿ ಬರೆದ, ಹೆಸರೇ ಗೊತ್ತಿಲ್ಲದ ಪುಣ್ಯಾತ್ಮರಿಗೂ ಒಂದು ನಮಸ್ಕಾರ. ಬಳಕೆದಾರರ ಬಫರ್ ಇರುವುದು ಬೇರೆ ಅಡ್ರೆಸ್ ಸ್ಪೇಸ್‌ನಲ್ಲಿ, ಡೇಟಾವನ್ನು ಓಎಸ್‌ಐ ಯುಐಓಮೂವ್ ಅನ್ನುವ ಸಿಸ್ಟಮ್ ರುಟೀನ್ ಮೂಲಕ ಸಾಗಿಸಿ ಅಂತ ಅವರು ಬಿಡಿಸಿ ಹೇಳದಿದ್ದರೆ ನಾವು ಇನ್ನೂ 0ಸಿ4 ಅಬೆಂಡ್‌ಗಳನ್ನೇ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬೀಳುವುದು) ಎಣಿಸುತ್ತಿದ್ದೆವು. ಒಣ ಬರವಣಿಗೆ ಅಂತ ಅದನ್ನು ಬೈಯುವವರು ನಡುರಾತ್ರಿ ಒಮ್ಮೆ ಓದಿ ನೋಡಲಿ.

ಮನೆಯವರಿಗೆ ಬಾಯಲ್ಲೇ ಹೇಳಿದ್ದೇನೆ, ಅವರು ಇದನ್ನೆಲ್ಲ ಓದುವುದಿಲ್ಲ.

ಈಗ ಇರುವುದು ಓದುವ ಸೌಲಭ್ಯ ಮಾತ್ರ. ಬರೆಯುವುದು ಬಾಕಿ: ಮೇನ್‌ಫ್ರೇಮ್‌ನ ಎಡಿಟರ್ ಇರುವ ಐಎಸ್‌ಪಿಎಫ್‌ನಲ್ಲಿ ಒಬ್ಬರು ಎಡಿಟ್ ಮಾಡುತ್ತಿರುವ ಮೆಂಬರ್‌ಗೆ ಯುನಿಕ್ಸ್ ಕಡೆಯಿಂದ ಇನ್ನೊಬ್ಬರು ಕೈಹಾಕದಂತೆ ಎಸ್‌ಪಿಎಫ್‌ಎಡಿಟ್ ಎನ್‌ಕ್ಯೂ ಅನ್ನುವ ಬೀಗ ಹಿಡಿಯಬೇಕು. ಮೇಡಂ, ಸೋಮವಾರದಿಂದ ಮತ್ತೆ ಕೆಡವಲು ಶುರು ಮಾಡುತ್ತೇವೆ.