ಆ ನಾಲ್ಕು ಪುಟ

ಪ್ರೀತಿಯ ತಮ್ಮಾ,

ನಿನ್ನ ನಾಟಕ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯಲ್ಲಿ "ಇದೂ ಸರಿಯಿಲ್ಲ ಅಂದರೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ" ಅಂತ ಗೀಚಿದ್ದೀಯಲ್ಲ, ಅದಕ್ಕೆ ಸಿಟ್ಟು ಬಂತು. ಮೊದಲ ನಾಟಕಕ್ಕೇ ಇಂಥ ಧಮಕಿ ಯಾಕೆ ಮಾರಾಯ? ದೃಶ್ಯ ಎಷ್ಟಿರಬೇಕು, ಲೈಟಿನ ಸೂಚನೆ ಎಲ್ಲಿ ಬರೆಯಬೇಕು ಅಂತೆಲ್ಲ ಕೇಳಿದ್ದೀಯ. ತಾಲೀಮಿಗೆ ಹೋದರೆ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಆ ತಾಯಿ ಒಬ್ಬಳೇ ನಿಂತು ಮಾತಾಡುವ ನಾಲ್ಕು ಪುಟದ ಬಗ್ಗೆ.

ಎಮೆಟ್ ಟಿಲ್‌ನ ಕಥೆ ಎತ್ತಿಕೊಳ್ಳೋದಕ್ಕೆ ಧೈರ್ಯ ಬೇಕು. 1955ರ ಆಗಸ್ಟ್, ಅಮೆರಿಕ. 14 ವರ್ಷದ ಕಪ್ಪು ಹುಡುಗ, ಶಿಕಾಗೋದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದವನು. ಅಂಗಡಿಯಲ್ಲಿದ್ದ ಬಿಳಿ ಹೆಂಗಸಿನ ಜೊತೆ ಸಲುಗೆಯಿಂದ ನಡೆದುಕೊಂಡ ಅಂತ ಇಬ್ಬರು ಬಿಳಿಯರು ರಾತ್ರಿ ಮನೆಗೆ ನುಗ್ಗಿ ಎತ್ತಿಕೊಂಡು ಹೋದರು, ಕೊಂದರು, ಹತ್ತಿ ಯಂತ್ರದ ಭಾರದ ಫ್ಯಾನನ್ನು ಕುತ್ತಿಗೆಗೆ ಮುಳ್ಳುತಂತಿಯಿಂದ ಕಟ್ಟಿ ನದಿಗೆ ಎಸೆದರು. ಇಲ್ಲಿಯವರೆಗೆ ನೀನು ಬರೆದಿದ್ದರಲ್ಲಿ ಒಂದು ಮಾತೂ ಜಾಸ್ತಿಯಿಲ್ಲ. ನಿಜವಾಗಿ ಹೊಟ್ಟೆಕಿಚ್ಚಾಯಿತು. ಆಮೇಲೆ ಹೆಣದ ಪೆಟ್ಟಿಗೆ ಶಿಕಾಗೋಗೆ ಬರುತ್ತದೆ. ತಾಯಿ ಮೇಮಿ ಮುಚ್ಚಳ ತೆಗೆಸುತ್ತಾಳೆ. ಹಾಗೇ ಇರಲಿ, ಜನ ನೋಡಲಿ ಅನ್ನುತ್ತಾಳೆ. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು. ಮುಚ್ಚಳ ತೆಗೆಸಿದವಳ ಕೈಗೆ ನೀನು ನಾಲ್ಕು ಪುಟ ಭಾಷಣ ಕೊಟ್ಟು ನಿಲ್ಲಿಸಿದ್ದೀಯ! ನ್ಯಾಯ, ಮನುಷ್ಯತ್ವ, ಇತಿಹಾಸ, ಎಲ್ಲಾ ಇದೆ ಅದರಲ್ಲಿ. ಆ ಹುಡುಗ ಮಾತ್ರ ಇಲ್ಲ.

ಅದನ್ನು ಯಾಕೆ ಬರೆದೆ ಅಂತ ನನಗೆ ಗೊತ್ತು. ಚಪ್ಪಾಳೆಗೆ. ನಾನೂ ಅದೇ ಕಳ್ಳ.

ಮೂವತ್ತು ವರ್ಷದ ಹಿಂದೆ ನನ್ನ ಒಂದು ನಾಟಕದಲ್ಲಿ ತಮ್ಮನನ್ನು ಕಳೆದುಕೊಂಡ ಅಕ್ಕನಿಗೆ ಇಂಥದ್ದೇ ಮಾತು ಬರೆದಿದ್ದೆ. ಆ ಪಾತ್ರ ಮಾಡಿದ ಹುಡುಗಿ ತಾಲೀಮಿನಲ್ಲಿ ಕೇಳಿದಳು, "ಸಾರ್, ಇದನ್ನು ತೆಗೆಯೋಣವಾ? ನನ್ನ ತಮ್ಮ ಹೋದಾಗ ನಾನು ಅವನ ಚಪ್ಪಲಿ ಎಲ್ಲಿಡೋದು ಅಂತ ಹುಡುಕ್ತಾ ಇದ್ದೆ, ಅಷ್ಟೆ." ನಾನು ತೆಗೆಯಲಿಲ್ಲ. ಮೊದಲ ಪ್ರದರ್ಶನಕ್ಕೆ ಆ ಮಾತಿಗೇ ಚಪ್ಪಾಳೆ ಬಿತ್ತು, ಒಬ್ಬ ವಿಮರ್ಶಕ ಅದನ್ನೇ ಹಿಡಿದು ಹೊಗಳಿದ, ಎರಡನೇ ಪ್ರದರ್ಶನಕ್ಕೆ ನಾನು ಇನ್ನೂ ಹತ್ತು ಸಾಲು ಸೇರಿಸಿದೆ. ಅವಳು ಆಮೇಲೆ ನನ್ನ ಯಾವ ನಾಟಕಕ್ಕೂ ಬರಲಿಲ್ಲ. ಆ ವಿಮರ್ಶಕನ ಮೇಲೆ ನನಗೆ ಈಗಲೂ ಕೋಪ ಇದೆ. ಬೈದಿದ್ದರೆ ಬಹುಶಃ ಉಳಿದುಕೊಳ್ಳುತ್ತಿದ್ದೆ.

ಇರಲಿ. ನೀನು ಕೋರ್ಟನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ನಾಟಕ ಇದ್ದದ್ದೇ ಅಲ್ಲಿ! ಸಿಕ್ಕಿದ ಹೆಣ ಎಮೆಟ್‌ನದ್ದೇ ಅಲ್ಲ ಅನ್ನೋದು ಆರೋಪಿಗಳ ಕಡೆಯ ವಾದ. ಹಾಗಾಗಿ ಹೆತ್ತವಳೇ ಕಟಕಟೆಗೆ ಬಂದು ಇದು ನನ್ನ ಮಗ ಅಂತ ಸಾಬೀತು ಮಾಡಬೇಕಾಯಿತು. ಹೇಗೆ ಗುರುತು ಹಿಡಿದೆ ಅಂತ ಕೇಳಿದರೆ ಕಿವಿ, ಕೂದಲಿನ ಅಂಚು, ಮೂಗು, ಗಲ್ಲ ಅಂತ ಒಂದೊಂದಾಗಿ ಹೇಳಬೇಕು. ಅವನ ಬೆರಳಲ್ಲಿದ್ದದ್ದು ಅವನಪ್ಪನ ಉಂಗುರ, ಅದರ ಬಗ್ಗೆಯೂ ಹೇಳಬೇಕು. ಕೇಳುತ್ತ ಕೂತ, ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಮಾನಿಸಬೇಕಾದ ಜ್ಯೂರಿಯ 12 ಮಂದಿಯೂ ಬಿಳಿ ಗಂಡಸರು. ಅಲ್ಲಿ ಅವಳು ಅತ್ತರೂ ತಪ್ಪು, ಅಳದಿದ್ದರೂ ತಪ್ಪು, ಅಲ್ವಾ? ಹುಡುಗ ಉಳಿದುಕೊಂಡಿದ್ದ ಮನೆಯ ಮುದುಕ ಮೋಸೆಸ್ ರೈಟ್ ಎದ್ದು ನಿಂತು ಆ ಇಬ್ಬರು ಬಿಳಿಯರತ್ತ ಬೆರಳು ಮಾಡಿ ತೋರಿಸಿದ. ಆಮೇಲೆ ಅಲ್ಲಿ ಬಾಳುವ ಹಾಗಿರಲಿಲ್ಲ, ಊರೇ ಬಿಟ್ಟ. ಜ್ಯೂರಿಗೆ ತೀರ್ಮಾನಿಸಲು ಒಂದು ಗಂಟೆಗಿಂತ ಸ್ವಲ್ಪವೇ ಜಾಸ್ತಿ ಸಾಕಾಯಿತು. ಇಬ್ಬರೂ ಬಿಡುಗಡೆ. 1956ರಲ್ಲಿ ಅವರೇ ದುಡ್ಡು ತಗೊಂಡು ಒಂದು ಪತ್ರಿಕೆಗೆ ಕೊಂದದ್ದು ನಾವೇ ಅಂದರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಕೊಲೆಗೆ ಮತ್ತೆ ವಿಚಾರಣೆ ಮಾಡುವ ಹಾಗಿರಲಿಲ್ಲ.

ಆ ಕಟಕಟೆ ದೃಶ್ಯ ಬರಿ. ಬರೀ ಪ್ರಶ್ನೆ, ಉತ್ತರ. ನಿನ್ನ ಕಡೆಯಿಂದ ಒಂದು ವಿಶೇಷಣವೂ ಬೇಡ. ಬರೆದ ಮೇಲೆ ಗೆಳೆಯರಿಗೆ ಓದಿ ಹೇಳಬೇಡ, ಅವರು ಹೊಗಳಿಬಿಡುತ್ತಾರೆ. ಸೀದಾ ನನಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನ ಹಾಗಿಲ್ಲ.

ನಿನ್ನ,
ಮುದುಕ